ಗ್ಯಾಸ್ ಬಿಡಿ ಅನ್ನುವ ಮೊದಲು ಊರಿನ ಟೀಸಿ (ಟ್ರಾನ್ಸ್‌ಫಾರ್ಮರ್) ನೋಡಿ

2019ರ ಜುಲೈನಲ್ಲಿ ಅಮೆರಿಕದ ಬರ್ಕ್‌ಲಿ ನಗರದ ಆಡಳಿತ ಒಂದು ನಿಯಮ ಮಾಡಿತು. ಇನ್ನು ಮುಂದೆ ಕಟ್ಟುವ ಹೊಸ ಮನೆಗಳಿಗೆ ಗ್ಯಾಸ್ ಪೈಪ್ ಇಲ್ಲ. ಅಡುಗೆ, ಬಿಸಿನೀರು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು, ಎಲ್ಲವೂ ಕರೆಂಟಿನಲ್ಲೇ. ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ಊರು ಅದು. 2021ರ ಕೊನೆಗೆ ನ್ಯೂಯಾರ್ಕ್ ನಗರ ಹೊಸ ಕಟ್ಟಡಗಳಿಗೆ ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು. 2023ರಲ್ಲಿ ಕೆನಡಾದ ಮಾಂಟ್ರಿಯಲ್ ಕೂಡ.

ಇಂಥ ನಿಯಮ ಚರ್ಚಿಸುವ ಸಭೆಗಳಲ್ಲಿ ಮೈಕ್ ಮುಂದೆ ನಿಲ್ಲುವವರಲ್ಲಿ ಹೈಸ್ಕೂಲು, ಕಾಲೇಜು ಓದುವವರೂ ಇರುತ್ತಾರೆ. ಅವರ ವಾದ ಸರಳ. ಇವತ್ತು ಕಟ್ಟುವ ಮನೆ ಐವತ್ತು ವರ್ಷ ನಿಲ್ಲುತ್ತದೆ. ಅದರೊಳಗೆ ಇಂದು ಹಾಕುವ ಪೈಪೂ ಅಷ್ಟು ದಿನ ಇರುತ್ತದೆ. ನಿಯಮ ಮಾಡುವವರು ಆಗ ಇರುವುದಿಲ್ಲ, ನಾವು ಇರುತ್ತೇವೆ. 2023ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ 16 ಮಂದಿ ಎಳೆಯರು ತಮ್ಮ ಸರ್ಕಾರದ ಮೇಲೆ ಹಾಕಿದ್ದ ಹವಾಮಾನದ ಕೇಸನ್ನು ಗೆದ್ದರು. ಅಲ್ಲೂ ಇದೇ ಮಾತಿತ್ತು: ಶುದ್ಧ ಪರಿಸರದ ಹಕ್ಕು ನಮಗೂ ಇದೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಹುಡುಗ ಹುಡುಗಿಯರೂ ಇದನ್ನೆಲ್ಲ ಫೋನಿನಲ್ಲಿ ನೋಡುತ್ತಾರೆ. ನಮ್ಮೂರಲ್ಲೂ ಹೀಗೆ ಕೇಳಬಹುದಾ ಅನ್ನುತ್ತಾರೆ. ಖಂಡಿತ ಕೇಳಬಹುದು. ಆದರೆ ಏನನ್ನು ಕೇಳಬೇಕು ಅನ್ನುವುದು ಬೇರೆ. ಅಲ್ಲಿಯ ಘೋಷಣೆಯನ್ನೇ ಎತ್ತಿಕೊಂಡು ಬಂದು ಇಲ್ಲಿ ಕೂಗಿದರೆ ಮೊದಲ ಮಳೆಗೇ ಅದು ನೆನೆದುಹೋಗುತ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಅಲ್ಲಿಯ ಗ್ಯಾಸ್ ಬೇರೆ, ಇಲ್ಲಿಯ ಗ್ಯಾಸ್ ಬೇರೆ

ಬರ್ಕ್‌ಲಿಯಲ್ಲಿ, ನ್ಯೂಯಾರ್ಕಿನಲ್ಲಿ ಗ್ಯಾಸ್ ಅಂದರೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ. ಅದರಲ್ಲಿ ಹೆಚ್ಚಿನ ಪಾಲು ಮೀಥೇನ್. ಉರಿಸಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಸೋರಿದರೆ ಇನ್ನೂ ಕೆಟ್ಟದ್ದು. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಬಾವಿಯಿಂದ ಅಡುಗೆಮನೆವರೆಗೆ ಸಾವಿರಾರು ಮೈಲಿ ಪೈಪು. ಸೋರುವ ಜಾಗಕ್ಕೇನೂ ಬರವಿಲ್ಲ. ಇನ್ನೊಂದು ಮಾತು: ಆ ಮನೆಗಳಲ್ಲಿ ಒಲೆ ಉರಿಸುವ ಗ್ಯಾಸ್ ತೀರಾ ಕಡಿಮೆ. ಹೆಚ್ಚು ಖರ್ಚಾಗುವುದು ಚಳಿಗೆ ಮನೆ ಕಾಯಿಸಲು.

ನೆದರ್ಲೆಂಡ್ಸ್ ಕತೆ ಇನ್ನೂ ಸ್ವಾರಸ್ಯದ್ದು. 1959ರಲ್ಲಿ ಆ ದೇಶದ ಗ್ರೋನಿಂಗನ್ ಭಾಗದಲ್ಲಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತು. ದೇಶದ ಹತ್ತರಲ್ಲಿ ಒಂಬತ್ತು ಮನೆಗೆ ಗ್ಯಾಸ್ ಪೈಪ್ ಹೋಯಿತು. ತೆಗೆದು ತೆಗೆದು ನೆಲದ ಒಳಗೆ ಒತ್ತಡ ತಪ್ಪಿ ಭೂಕಂಪ ಶುರುವಾಯಿತು. 2012ರಲ್ಲಿ ಹೌಜಿಂಗ ಅನ್ನುವ ಹಳ್ಳಿಯ ಹತ್ತಿರ 3.6 ತೀವ್ರತೆಯ ಕಂಪನ ಆಗಿ ಮನೆಗಳು ಬಿರುಕುಬಿಟ್ಟವು. 2018ರ ಜುಲೈ 1ರಿಂದ ಅಲ್ಲಿ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ಇಲ್ಲ. 2023ರ ಅಕ್ಟೋಬರಿನಲ್ಲಿ ಬಾವಿಗಳನ್ನೇ ನಿಲ್ಲಿಸಿದರು. ಅಂದರೆ ಆ ಜನ ಬರೀ ಹವಾಮಾನದ ಚಿಂತೆಯಿಂದ ಗ್ಯಾಸ್ ಬಿಡಲಿಲ್ಲ. ತಮ್ಮ ಗೋಡೆ ಬಿರಿಯಿತು ಅಂತಲೂ ಬಿಟ್ಟರು. ಸ್ಥಳೀಯ ಕಾರಣ ಇದ್ದಾಗಲೇ ಸ್ಥಳೀಯ ನಿಯಮ ಗಟ್ಟಿಯಾಗುತ್ತದೆ.

ಬರ್ಕ್‌ಲಿಯ ನಿಯಮ ಮಾತ್ರ ಉಳಿಯಲಿಲ್ಲ. ಹೋಟೆಲಿನವರ ಸಂಘ ಕೋರ್ಟಿಗೆ ಹೋಯಿತು. ಉಪಕರಣಗಳ ಇಂಧನ ಬಳಕೆ ಕೇಂದ್ರ ಕಾನೂನಿನ ವಿಷಯ, ಊರಿನವರು ಅದನ್ನು ಮುಟ್ಟುವಂತಿಲ್ಲ ಅಂತ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಮುಂದಿನ ವರ್ಷ ನಗರ ತನ್ನ ನಿಯಮವನ್ನು ಕೈಬಿಡಲು ಒಪ್ಪಿಕೊಂಡಿತು. ಯಾರ ಕೈಯಲ್ಲಿ ಯಾವ ಅಧಿಕಾರ ಇದೆ ಅಂತ ಮೊದಲೇ ನೋಡಿಕೊಳ್ಳದಿದ್ದರೆ ಒಳ್ಳೆಯ ನಿಯಮವೂ ಬೀಳುತ್ತದೆ. ಈ ಪಾಠ ನಮಗೂ ಬೇಕಾಗುತ್ತದೆ.

ಈಗ ನಮ್ಮ ಕಡೆಗೆ ಬನ್ನಿ. ಮಲೆನಾಡಿನ ಅಡುಗೆಮನೆಯಲ್ಲಿರುವುದು ಕೆಂಪು ಸಿಲಿಂಡರ್, 14.2 ಕೆಜಿ. ಅದರೊಳಗಿರುವುದು ಪ್ರೋಪೇನ್ ಮತ್ತು ಬ್ಯುಟೇನ್, ಮೀಥೇನ್ ಅಲ್ಲ. ಸೋರಿದರೆ ಅಪಾಯ ನಿಜ. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೇ ಹರಡಿ ನಿಲ್ಲುತ್ತದೆ. ಆದರೆ ಮೀಥೇನ್ ಸೋರಿಕೆಯ ವಾದ ಇಲ್ಲಿ ಹೊಂದುವುದಿಲ್ಲ. ಇಲ್ಲಿಯ ತಕರಾರು ಬೇರೆ. ದೇಶ ಬಳಸುವ ಅಡುಗೆ ಅನಿಲದ ಸುಮಾರು ಅರವತ್ತು ಪರ್ಸೆಂಟ್ ಹೊರಗಿನಿಂದ ಬರುತ್ತದೆ, ಅದೂ ಹೆಚ್ಚಾಗಿ ಕೊಲ್ಲಿ ದೇಶಗಳಿಂದ. ಹಡಗಿನಲ್ಲಿ ಮಂಗಳೂರು ಬಂದರಿಗೆ ಬಂದದ್ದು ಪೈಪಿನಲ್ಲೋ ಬುಲೆಟ್ ಟ್ಯಾಂಕರಿನಲ್ಲೋ ಘಟ್ಟ ಹತ್ತುತ್ತದೆ. 2013ರಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದು ಆ ದಾರಿಯಲ್ಲಿ ಓಡಾಡುವವರಿಗೆ ಈಗಲೂ ನೆನಪಿದೆ. ದೂರದಲ್ಲಿ ಯುದ್ಧ ಆದರೆ ಹೊಸನಗರದ ಹಳ್ಳಿಯಲ್ಲಿ ಸಿಲಿಂಡರ್ ರೇಟು ಏರುತ್ತದೆ, ಅಲ್ವಾ?

ಹಾಗಂತ ಇನ್ನೊಂದು ಮಾತು ಮರೆಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಹೊಗೆಯಿಲ್ಲದ ಇಂಧನ ಬಳಸುತ್ತಿದ್ದದ್ದು ದೇಶದ 58.6 ಪರ್ಸೆಂಟ್ ಮನೆಗಳು ಮಾತ್ರ. ಉಳಿದವರು ಸೌದೆ, ಬೆರಣಿ ಉರಿಸುತ್ತಿದ್ದರು. 2016ರಲ್ಲಿ ಉಜ್ವಲ ಯೋಜನೆ ಬಂದದ್ದೇ ಆ ಹೊಗೆಯಿಂದ ಹೆಂಗಸರನ್ನು ಹೊರಗೆ ತರಲು. ನಲವತ್ತು ವರ್ಷ ಊದುಕೊಳವೆ ಊದಿ ಕಣ್ಣು ಕೆಂಪು ಮಾಡಿಕೊಂಡ ಅಜ್ಜಿಯ ಮುಂದೆ ಹೋಗಿ ಗ್ಯಾಸ್ ಬಿಡಿ ಅಂದರೆ ಏನು ಉತ್ತರ ಸಿಗುತ್ತದೆ ಅಂತ ಊಹಿಸಿ. ಅಜ್ಜಿ ಹೇಳುವುದೇ ಸರಿ. ಸೌದೆ ಹೊಗೆಯ ಮುಂದೆ ಗ್ಯಾಸ್ ದೊಡ್ಡ ಉಪಕಾರ.

ಒಂದು ಸಿಲಿಂಡರಿನ ಲೆಕ್ಕ

ಇಂಡಕ್ಷನ್ ಒಲೆ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ನಿಮಿಷ. ಗಾಜಿನ ಕೆಳಗೆ ತಾಮ್ರದ ಸುರುಳಿ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ. ಅದರಿಂದ ಆಗುವ ಆಯಸ್ಕಾಂತದ ಪ್ರಭಾವಕ್ಕೆ ಪಾತ್ರೆಯ ತಳವೇ ಬಿಸಿಯಾಗುತ್ತದೆ. ಒಲೆ ಕಾದು ಪಾತ್ರೆ ಕಾಯುವುದಲ್ಲ, ನೇರ ಪಾತ್ರೆಯೇ ಕಾಯುವುದು. ಅದಕ್ಕೇ ಶಾಖ ಪೋಲಾಗುವುದು ಕಡಿಮೆ. ಪಾತ್ರೆಯ ತಳಕ್ಕೆ ಆಯಸ್ಕಾಂತ ಅಂಟಬೇಕು, ಅಷ್ಟೇ ಷರತ್ತು. ಹಿತ್ತಾಳೆ, ಅಲ್ಯೂಮಿನಿಯಂ, ಮಣ್ಣಿನ ಮಡಿಕೆ ನಡೆಯುವುದಿಲ್ಲ. ದುಂಡು ತಳದ ಬಾಣಲೆ ಕೂರುವುದಿಲ್ಲ. ತಳ ಚಪ್ಪಟೆ ಇರುವ ಕಬ್ಬಿಣದ ಕಾವಲಿ ಸೊಗಸಾಗಿ ಕೆಲಸ ಮಾಡುತ್ತದೆ.

ಲೆಕ್ಕಕ್ಕೆ ಬರೋಣ. ಒಂದು ಕೆಜಿ ಸಿಲಿಂಡರ್ ಗ್ಯಾಸಿನಲ್ಲಿ ಸುಮಾರು 12.7 ಯೂನಿಟ್ ಕರೆಂಟಿನಷ್ಟು ಶಾಖ ಇದೆ. 14.2 ಕೆಜಿಗೆ 180 ಯೂನಿಟ್. ಒಳ್ಳೆಯ ಗ್ಯಾಸ್ ಒಲೆಯಲ್ಲಿ ಅದರ 68 ಪರ್ಸೆಂಟ್ ಪಾತ್ರೆಗೆ ಹೋಗುತ್ತದೆ, ಅಂದರೆ 122 ಯೂನಿಟ್. ಅಷ್ಟೇ ಅಡುಗೆಯನ್ನು 85 ಪರ್ಸೆಂಟ್ ದಕ್ಷತೆಯ ಇಂಡಕ್ಷನ್ನಿನಲ್ಲಿ ಮಾಡಿದರೆ 144 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 864 ರೂಪಾಯಿ. ಸಿಲಿಂಡರಿನ ರೇಟು 850-900ರ ಆಸುಪಾಸು ಇದ್ದರೆ ಎರಡೂ ಹೆಚ್ಚುಕಡಿಮೆ ಸಮ. ರೇಟು ಬದಲಾಗುತ್ತಿರುತ್ತದೆ, ನಿಮ್ಮ ಬಿಲ್ಲು ಹಿಡಿದು ನೀವೇ ಒಂದು ಸಲ ಲೆಕ್ಕ ಹಾಕಿ. ಭಾರಿ ಉಳಿತಾಯ ಅಂತ ಮಾರುವವರನ್ನೂ ನಂಬಬೇಡಿ, ಕರೆಂಟ್ ಒಲೆ ಬಲು ದುಬಾರಿ ಅನ್ನುವವರನ್ನೂ ನಂಬಬೇಡಿ.

ಇಲ್ಲೊಂದು ಗಂಟಿದೆ. ಗೃಹಜ್ಯೋತಿ. 2023ರಿಂದ ಮನೆಗಳಿಗೆ ಉಚಿತ ಕರೆಂಟ್ ಬರುತ್ತಿದೆಯಲ್ಲ, ಅದು ಎಲ್ಲರಿಗೂ 200 ಯೂನಿಟ್ ಅಲ್ಲ. ನಿಮ್ಮ ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಹತ್ತು ಪರ್ಸೆಂಟ್. ತೀರಾ ಕಡಿಮೆ ಬಳಸುವ ಮನೆಗಳಿಗೆ ಹತ್ತು ಪರ್ಸೆಂಟಿನ ಬದಲು ಹತ್ತು ಯೂನಿಟ್ ಅಂತ ಆಮೇಲೆ ತಿದ್ದಿದರು. 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಉಚಿತ. ಆ ಮನೆಯವರು ಒಂದೂವರೆ ತಿಂಗಳಿಗೆ ಒಂದು ಸಿಲಿಂಡರ್ ಖರ್ಚು ಮಾಡುತ್ತಿದ್ದು, ಅದನ್ನೆಲ್ಲ ಇಂಡಕ್ಷನ್ನಿಗೆ ತಿರುಗಿಸಿದರೆ ತಿಂಗಳಿಗೆ 96 ಯೂನಿಟ್ ಸೇರುತ್ತದೆ. 66 ದಾಟಿದ 90 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಗ್ಯಾಸಿನ ಖರ್ಚು ಹೋಯಿತು, ಕರೆಂಟಿನದ್ದು ಬಂತು. ಇನ್ನು ಮೊದಲೇ 130 ಯೂನಿಟ್ ಬಳಸುವ ಮನೆಯಾದರೆ ಒಟ್ಟು 200 ದಾಟಿ ಪೂರ್ತಿ ಬಿಲ್ಲೇ ಮೈಮೇಲೆ ಬರುತ್ತದೆ. ಮನೆಯಲ್ಲಿ ಸೊನ್ನೆ ಬಿಲ್ಲಿನ ಸುಖ ಕಂಡವರು ಅದನ್ನು ಬಿಟ್ಟುಕೊಡುತ್ತಾರಾ? ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂಡಕ್ಷನ್ ಒಲೆ ಅಟ್ಟ ಸೇರಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು.

ಇಂಗಾಲದ ಲೆಕ್ಕ ಇನ್ನೂ ಕಸಿವಿಸಿ ಮಾಡುತ್ತದೆ. ಒಂದು ಸಿಲಿಂಡರ್ ಉರಿಸಿದರೆ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮ ದೇಶದ ಗ್ರಿಡ್ಡಿನಲ್ಲಿ, ಅಂದರೆ ಎಲ್ಲ ವಿದ್ಯುದಾಗಾರಗಳನ್ನೂ ಊರುಗಳನ್ನೂ ಜೋಡಿಸಿರುವ ತಂತಿಜಾಲದಲ್ಲಿ, ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿಗೂ ಸ್ವಲ್ಪ ಜಾಸ್ತಿ. 144 ಯೂನಿಟ್ಟಿಗೆ ನೂರು ಕೆಜಿ ದಾಟುತ್ತದೆ. ಅಂದರೆ ಇವತ್ತಿನ ಮಟ್ಟಿಗೆ ಗ್ರಿಡ್ ಕರೆಂಟಿನಲ್ಲಿ ಅನ್ನ ಮಾಡಿದರೆ ಗ್ಯಾಸಿನ ಎರಡು ಪಟ್ಟಿಗೂ ಹೆಚ್ಚು ಇಂಗಾಲ. ಕಾರಣ ಕಲ್ಲಿದ್ದಲು. ದೇಶದಲ್ಲಿ ತಯಾರಾಗುವ ಕರೆಂಟಿನ ಮುಕ್ಕಾಲು ಭಾಗದಷ್ಟು ಈಗಲೂ ಅದರಿಂದಲೇ. ನಮ್ಮದು ಶರಾವತಿ ಕರೆಂಟ್, ಶುದ್ಧ ಅಂತ ನಾವು ಹೇಳಿಕೊಳ್ಳಬಹುದು. ಗ್ರಿಡ್ಡಿಗೆ ಬಿದ್ದ ಮೇಲೆ ಎಲ್ಲ ಒಂದೇ.

ಹಾಗಾದರೆ ಈ ಮಾತೇ ಬೇಡವಾ? ಬೇಕು, ಆದರೆ ಹವಾಮಾನದ ಹೆಸರಲ್ಲಿ ಇರುವ ಒಲೆ ಕಿತ್ತುಹಾಕಿ ಅನ್ನುವ ಆತುರ ಬೇಡ. ಹುಡುಗರ ವಾದ ಗಟ್ಟಿ ನಿಲ್ಲುವುದು ಹೊಸ ಕಟ್ಟಡದ ವಿಷಯದಲ್ಲಿ. ಗ್ರಿಡ್ಡಿಗೆ ಸೋಲಾರ್, ಗಾಳಿ ಸೇರಿದ ಹಾಗೆ ಅದೇ ಇಂಡಕ್ಷನ್ ಒಲೆ ತಾನಾಗಿ ಶುದ್ಧವಾಗುತ್ತದೆ. ಯೂನಿಟ್ಟಿಗೆ 0.29 ಕೆಜಿಗೆ ಇಳಿದ ದಿನ ಎರಡೂ ಸಮ, ಅದಕ್ಕಿಂತ ಇಳಿದರೆ ಕರೆಂಟೇ ಮುಂದೆ. ಗ್ಯಾಸ್ ಒಲೆ ಮಾತ್ರ ಐವತ್ತು ವರ್ಷ ಆದರೂ 42 ಕೆಜಿಯಲ್ಲೇ ಇರುತ್ತದೆ. ಹಾಗಾಗಿ ಹೊಸ ಮನೆಗೆ ದಪ್ಪ ವೈರ್ ಎಳೆಯುವುದು ಜಾಣತನ. ಹಳೆ ಮನೆಯ ಒಲೆಯ ಜೊತೆ ಜಗಳ ಆಡುವುದು ಸುಮ್ನೆ ಸಮಯ ಹಾಳು.

ಮಳೆಗಾಲ ಮತ್ತು ಟೀಸಿ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಹಳ್ಳಿಗಳಲ್ಲಿ ಕರೆಂಟ್ ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಯಾವಾಗ ಬರುತ್ತದೆ ಅಂತ ಮಾತ್ರ ಕೇಳುತ್ತಾರೆ. ಲೈನ್ ಮೇಲೆ ಮರ ಬಿತ್ತು, ಕಂಬ ವಾಲಿತು, ಟೀಸಿ ಸುಟ್ಟಿತು. ಕಾಡಿನೊಳಗೆ ಹೋದ ಲೈನಿನಲ್ಲಿ ತೊಂದರೆ ಎಲ್ಲಿದೆ ಅಂತ ಹುಡುಕಲು ಪವರ್‌ಮ್ಯಾನ್ ಜಡಿಮಳೆಯಲ್ಲಿ ನಡೆದೇ ಹೋಗಬೇಕು. ಅಂಥ ಊರಿನಲ್ಲಿ ಒಲೆಯನ್ನೂ ಕರೆಂಟಿಗೆ ಕಟ್ಟಿಹಾಕಿ ಅನ್ನುವುದು ಮೂರು ದಿನ ಉಪವಾಸ ಇರಿ ಅಂದ ಹಾಗೆ.

ಮಳೆ ಇಲ್ಲದಾಗಲೂ ಸಮಸ್ಯೆ ಇದೆ. ಇಂಡಕ್ಷನ್ ಒಲೆಗೆ ಎರಡು ಕಿಲೋವಾಟ್ ಬೇಕು. ಎಷ್ಟೋ ಹಳೆ ಮನೆಗಳ ಮಂಜೂರಾದ ಲೋಡೇ ಒಂದೋ ಎರಡೋ ಕಿಲೋವಾಟ್. ಇನ್ನು ಊರಿನ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಹಳ್ಳಿಗಳಲ್ಲಿ 25 ಕೆವಿಎಯದ್ದು ಸಾಮಾನ್ಯ. ಅದು ಹೊರುವುದು ಅಬ್ಬಬ್ಬಾ ಅಂದರೆ 20-22 ಕಿಲೋವಾಟ್. ಸಂಜೆ ಏಳೂವರೆಗೆ ಹದಿನೈದು ಮನೆಯವರು ಒಟ್ಟಿಗೆ ಇಂಡಕ್ಷನ್ ಹಚ್ಚಿದರೆ 30 ಕಿಲೋವಾಟ್. ಅಷ್ಟು ಹೊತ್ತಿಗೆ ಟಿವಿ, ಫ್ರಿಜ್ಜು, ದೀಪ ಬೇರೆ. ವೋಲ್ಟೇಜ್ ಕುಸಿಯುತ್ತದೆ, ಇಂಡಕ್ಷನ್ ಎರರ್ ತೋರಿಸಿ ನಿಲ್ಲುತ್ತದೆ, ಕೊನೆಗೆ ಫ್ಯೂಸು.

ಅದಕ್ಕೇ ನಾನು ಹೇಳುವುದು, ಇಲ್ಲಿಯ ಹುಡುಗರು ಎತ್ತಬೇಕಾದ ಮೊದಲ ಬೇಡಿಕೆ ಒಲೆಯದ್ದಲ್ಲ, ತಂತಿಯದ್ದು. ಕಾಡಿನ ನಡುವೆ ಹೋಗುವ ಬರಿ ತಂತಿಯ ಬದಲು ಹೊದಿಕೆ ಇರುವ ತಂತಿ ಎಳೆದರೆ ಕೊಂಬೆ ತಗುಲಿದ ತಕ್ಷಣ ಲೈನ್ ಟ್ರಿಪ್ ಆಗುವುದಿಲ್ಲ. ಟೀಸಿ ದೊಡ್ಡದಾದರೆ ವೋಲ್ಟೇಜ್ ನಿಲ್ಲುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಮೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ಇದನ್ನು ಕೇಳಬೇಕಾದ್ದು ಅಲ್ಲಿ. ಗ್ಯಾಸ್ ಬಿಡುವ ಮಾತನ್ನೇ ಆಡದೆ ಇಷ್ಟನ್ನು ಪಡೆದರೂ ದೊಡ್ಡ ಕೆಲಸವೇ. ಪಂಪ್‌ಸೆಟ್ ಇಟ್ಟ ಅಡಿಕೆ ಬೆಳೆಗಾರರೂ ಜೊತೆಗೆ ನಿಲ್ಲುತ್ತಾರೆ.

ಮನೆ ಮೇಲೆ ಸೋಲಾರ್ ಹಾಕಿದರಾಯಿತಲ್ಲ ಅನ್ನುತ್ತೀರಾ? 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಒಳ್ಳೆಯದೇ. ಆದರೆ ಗ್ರಿಡ್ಡಿಗೆ ಸೇರಿಸಿದ ಮಾಮೂಲಿ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯದಿರಲಿ ಅಂತ ಹಾಗೆ ಮಾಡಿರುತ್ತಾರೆ. ಕರೆಂಟ್ ಇಲ್ಲದಾಗಲೂ ನಡೆಯಬೇಕು ಅಂದರೆ ಬ್ಯಾಟರಿ, ಅದಕ್ಕೆ ತಕ್ಕ ಇನ್ವರ್ಟರ್ ಬೇಕು. ಇದನ್ನು ಹಾಕಿಸಿದ ಮೇಲೆ ತಿಳಿದುಕೊಂಡು ಬೇಜಾರಾದವರು ಬೇಕಾದಷ್ಟಿದ್ದಾರೆ.

ಶರಾವತಿಯ ಕಗ್ಗಂಟು

ಮಲೆನಾಡಲ್ಲಿ ಕರೆಂಟಿನ ಮಾತು ಎತ್ತಿದರೆ ಅದು ಶರಾವತಿಗೆ ಬಂದೇ ಬರುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಿಂದ ನಡೆಯುತ್ತಿದೆ. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1,035 ಮೆಗಾವಾಟಿನದ್ದು. ನಾಡಿಗೆ ಬೆಳಕು ಕೊಟ್ಟದ್ದು ನಿಜ. ಅದಕ್ಕಾಗಿ ಮುಳುಗಿದ ಊರಿನವರ ಜಮೀನಿನ ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ.

ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಎದ್ದಿದೆ. ಹಗಲು ಸೋಲಾರ್ ಕರೆಂಟ್ ಜಾಸ್ತಿ ಇದ್ದಾಗ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು. ಸಂಜೆ ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ನೀರೇ ಇಲ್ಲಿ ಬ್ಯಾಟರಿ. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. ಮಲೆನಾಡಿನ ಯುವಕರು, ಪರಿಸರದವರು ಇದನ್ನು ವಿರೋಧಿಸುತ್ತಿದ್ದಾರೆ.

ಗಮನಿಸಿ. ಈ ಯೋಜನೆಗೆ ಕೊಡುವ ಕಾರಣವೇ ಸಂಜೆಯ ಬೇಡಿಕೆ. ಎಲ್ಲ ಮನೆಯ ರಾತ್ರಿ ಅಡುಗೆ ಕರೆಂಟಿಗೆ ಬಂದರೆ ಆ ಬೇಡಿಕೆ ಇನ್ನೂ ಏರುತ್ತದೆ. ಒಂದು ಕೈಯಲ್ಲಿ ಗ್ಯಾಸ್ ಬೇಡ ಅನ್ನುವ ಫಲಕ, ಇನ್ನೊಂದು ಕೈಯಲ್ಲಿ ಪಂಪ್ಡ್ ಸ್ಟೋರೇಜ್ ಬೇಡ ಅನ್ನುವ ಫಲಕ ಹಿಡಿದವರಿಗೆ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಬೇಕು. ಎರಡನ್ನೂ ಒಟ್ಟಿಗೆ ಹೇಳುವುದು ತಪ್ಪಲ್ಲ. ಹಗಲಿನಲ್ಲಿ ಮಾಡಬಹುದಾದ ಕೆಲಸವನ್ನು ಮೊದಲು ಕರೆಂಟಿಗೆ ತಂದರೆ ಸಂಜೆಯ ಹೊರೆ ಏರುವುದಿಲ್ಲ. ಹಾಗೆ ಹಗಲಲ್ಲಿ ಮಾಡಿಟ್ಟುಕೊಳ್ಳಬಹುದಾದ ದೊಡ್ಡ ಕೆಲಸ ಒಂದಿದೆ: ಬಿಸಿನೀರು.

ಅಡುಗೆಮನೆಗಿಂತ ಮೊದಲು ಬಚ್ಚಲುಮನೆ

ಬೆಳಗಾದರೆ ಮಲೆನಾಡಿನ ಹೆಂಚಿನ ಮಾಡಿನಿಂದ ಏಳುವ ಹೊಗೆ ಈಗ ಹೆಚ್ಚಾಗಿ ಅಡುಗೆ ಒಲೆಯದ್ದಲ್ಲ, ಬಚ್ಚಲ ಒಲೆಯದ್ದು. ಅನ್ನ ಸಾರು ಗ್ಯಾಸಿನಲ್ಲಿ, ಹಂಡೆ ನೀರು ಸೌದೆಯಲ್ಲಿ. ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ತೋಟದಲ್ಲಿ ಬಿದ್ದ ಕಡ್ಡಿ, ಖರ್ಚಿಲ್ಲದ ಸೌದೆ. ತೋಟ ಇರುವವರ ಮನೆಯ ಹಂಡೆ ಒಲೆಯನ್ನು ಕಿತ್ತುಹಾಕಿ ಅಂತ ನಾನಂತೂ ಹೇಳುವುದಿಲ್ಲ. ಹೊಗೆ ಹೊರಗೆ ಹೋಗುವ ಹಾಗೆ ಕೊಳವೆ ಇದ್ದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಮಾಡಿದ್ದು ಅದನ್ನೇ. ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ.

ನನಗೆ ಚಿಂತೆ ಇರುವುದು ಪೇಟೆಯ ಬಚ್ಚಲಿನ ಬಗ್ಗೆ. ಶಿವಮೊಗ್ಗ, ಭದ್ರಾವತಿಯಂಥ ಕಡೆ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಗೀಸರ್ ಬಹಳ. ಗಾಳಿ ಆಡದ ಸಣ್ಣ ಬಚ್ಚಲಿನೊಳಗೆ ಗ್ಯಾಸ್ ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಕರ್ನಾಟಕದಲ್ಲಿ ಹೀಗೆ ಸತ್ತವರ ಸುದ್ದಿ ಚಳಿಗಾಲ ಬಂದಾಗಲೆಲ್ಲ ಪೇಪರಿನಲ್ಲಿ ಇರುತ್ತದೆ. ಗೀಸರ್ ಬಚ್ಚಲಿನ ಹೊರಗಡೆ ಗಾಳಿಯಾಡುವ ಜಾಗದಲ್ಲಿ ಇರಬೇಕು. ಒಳಗಿದ್ದರೆ ಇವತ್ತೇ ತೆಗೆಸಿ. ಕಟ್ಟಡದೊಳಗೆ ಗ್ಯಾಸ್ ಬೇಡ ಅನ್ನುವ ಚಳವಳಿಗೆ ನಮ್ಮ ನಗರಗಳಲ್ಲಿ ಯಾರೂ ಇಲ್ಲ ಅನ್ನಲಾಗದ ಕಾರಣ ಇದ್ದರೆ ಅದು ಇದೇ. ನೆದರ್ಲೆಂಡ್ಸಿನವರ ಬಿರುಕುಬಿಟ್ಟ ಗೋಡೆಯ ಜಾಗದಲ್ಲಿ ನಮ್ಮಲ್ಲಿರುವುದು ಈ ಬಚ್ಚಲು.

ಬದಲಿ ಏನು? ನಾಲ್ಕು ಜನರ ಮನೆಯಲ್ಲಿ ತಲೆಗೊಂದು 20 ಲೀಟರ್ ಬಕೆಟ್ಟಿನ ಹಾಗೆ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ದಿನಕ್ಕೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಸಾಕು, ತಿಂಗಳಿಗೆ 56 ಯೂನಿಟ್. ಸೋಲಾರ್ ವಾಟರ್ ಹೀಟರ್ ಇದ್ದರೆ ಬಿಸಿಲಿನ ತಿಂಗಳುಗಳಲ್ಲಿ ಅದೂ ಇಲ್ಲ. ಮಳೆಗಾಲಕ್ಕೆ ಹೀಟ್ ಪಂಪ್ ಅನ್ನುವ ಯಂತ್ರ ಇದೆ. ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ಹಾಕುತ್ತದಲ್ಲ, ಅದೇ ವಿದ್ಯೆ ತಿರುಗುಮುರುಗಾಗಿ. ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ಆ 56 ಯೂನಿಟ್ ಹತ್ತೊಂಬತ್ತಕ್ಕೆ ಇಳಿಯುತ್ತದೆ. ಯುರೋಪಿನ ಹಿಮದಲ್ಲೂ ನಡೆಯುವ ಯಂತ್ರಕ್ಕೆ ನಮ್ಮ ಚಳಿ ಲೆಕ್ಕವೇ ಅಲ್ಲ. ಬೆಲೆ ಜಾಸ್ತಿ, ಒಂದು ಮನೆಗೆ ಹೊರೆ. ನೂರು ಜನರ ಹಾಸ್ಟೆಲ್ಲಿಗೆ ಅಲ್ಲ. ಅದೂ ಹಗಲು ಹನ್ನೆರಡಕ್ಕೆ ನೀರು ಕಾಯಿಸಿ ಟ್ಯಾಂಕಿನಲ್ಲಿ ತುಂಬಿಟ್ಟರೆ ಸಂಜೆಯ ಗ್ರಿಡ್ಡಿಗೆ ಏನೂ ಭಾರ ಇಲ್ಲ.

ಇಂತಿಷ್ಟು ಅಳತೆ ಮೀರಿದ ಹೊಸ ಮನೆಗೆ ಕರೆಂಟ್ ಬೇಕಾದರೆ ಸೋಲಾರ್ ವಾಟರ್ ಹೀಟರ್ ಹಾಕಲೇಬೇಕು ಅನ್ನುವ ನಿಯಮ ಕರ್ನಾಟಕದಲ್ಲಿ ಬಂದು ಎಷ್ಟೋ ವರ್ಷ ಆಯಿತು. ನಗರಗಳ ತಾರಸಿ ಮೇಲೆ ಆ ಬಿಳಿ ಡ್ರಮ್ಮುಗಳು ಎದ್ದದ್ದಕ್ಕೆ ಅದೂ ಒಂದು ಕಾರಣ. ಕಟ್ಟಡದ ನಿಯಮದಿಂದ ಮನೆಯ ರೂಢಿ ಬದಲಾಗುತ್ತದಾ ಅಂತ ಅನುಮಾನ ಪಡುವವರು ತಾರಸಿ ಹತ್ತಿ ಒಮ್ಮೆ ಸುತ್ತ ನೋಡಲಿ.

ಎಲ್ಲಿ ಬದಲಾವಣೆ ಸುಲಭ

ಮನೆಗಿಂತ ಹೋಟೆಲ್, ಹಾಸ್ಟೆಲ್, ಕಲ್ಯಾಣ ಮಂಟಪಗಳಲ್ಲಿ ಲೆಕ್ಕ ಬೇಗ ಕೂಡುತ್ತದೆ. ಅವರು ಕೊಳ್ಳುವ 19 ಕೆಜಿ ಸಿಲಿಂಡರಿಗೆ ಕೆಜಿ ಲೆಕ್ಕದಲ್ಲಿ ಮನೆಯದ್ದಕ್ಕಿಂತ ರೇಟು ಬಹಳ ಜಾಸ್ತಿ. ಅದರ ಅಡುಗೆಯನ್ನು ಇಂಡಕ್ಷನ್ನಿನಲ್ಲಿ ಮಾಡಿದರೆ 193 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 1,550ರ ಆಸುಪಾಸು. ಇದನ್ನು ಆ ಸಿಲಿಂಡರಿನ ಬಿಲ್ಲಿನ ಪಕ್ಕ ಇಟ್ಟು ನೋಡಿ. ನಿಜದಲ್ಲಿ ಉಳಿತಾಯ ಇನ್ನೂ ಜಾಸ್ತಿ ಇರುತ್ತದೆ. ದೊಡ್ಡ ಬರ್ನರಿನ ಉರಿ ಪಾತ್ರೆಯ ಸುತ್ತ ಹೊರಗೇ ಹರಡಿ ಹೋಗುತ್ತದೆ, 68 ಪರ್ಸೆಂಟ್ ದಕ್ಷತೆ ಅಲ್ಲಿ ಸಿಗುವುದಿಲ್ಲ. ಕಾಲೇಜಿನವರು ತಮ್ಮದೇ ಹಾಸ್ಟೆಲ್ ಮೆಸ್ಸಿನ ಒಂದು ತಿಂಗಳ ಸಿಲಿಂಡರ್ ಬಿಲ್ಲು, ಕರೆಂಟ್ ಬಿಲ್ಲು ಎದುರಿಗಿಟ್ಟುಕೊಂಡು ಕೂತರೆ ಅದೇ ಒಳ್ಳೆಯ ಪ್ರಾಜೆಕ್ಟ್.

ದನ ಇರುವ ಮನೆಗೆ ಗೋಬರ್ ಗ್ಯಾಸ್ ಇದೆ. ಅದೂ ಮೀಥೇನೇ, ಆದರೆ ಈ ವರ್ಷದ ಹುಲ್ಲಿನಿಂದ ಬಂದದ್ದು. 25 ಕೆಜಿ ಸಗಣಿಗೆ ಸುಮಾರು ಒಂದು ಘನ ಮೀಟರ್, ಅದು 450 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ನಮ್ಮ ಗಿಡ್ಡ ತಳಿಯ ದನ, ಮಲೆನಾಡು ಗಿಡ್ಡ, ತಿನ್ನುವುದೂ ಕಡಿಮೆ, ಹಾಕುವುದೂ ಕಡಿಮೆ. ಅದನ್ನು ಕಟ್ಟಿದವರು ಲೆಕ್ಕ ಸ್ವಲ್ಪ ಹಿಗ್ಗಿಸಿಕೊಳ್ಳಬೇಕು. ಕೊಟ್ಟಿಗೆ ಖಾಲಿಯಾದ ಮನೆಗಳಲ್ಲಿ ಹಳೆ ಗುಂಡಿ ಹಾಗೇ ಬಿದ್ದಿರುವುದನ್ನೂ ನೋಡುತ್ತೇವೆ.

ಕೆಲವು ಅಡುಗೆಗೆ ಉರಿಯೇ ಬೇಕು, ಅದನ್ನು ಒಪ್ಪಿಕೊಳ್ಳೋಣ. ಬದನೆಕಾಯಿ ಸುಟ್ಟು ಗೊಜ್ಜು ಮಾಡಲು, ಹಪ್ಪಳ ಸುಡಲು ಇಂಡಕ್ಷನ್ ಬಾರದು. ಬೋರಲು ಮಡಿಕೆಯ ಮೇಲೆ ತೊಡೆದೇವು ಎರೆಯುವವರ ಹತ್ತಿರ ಇಂಡಕ್ಷನ್ ಮಾತೇ ಎತ್ತಬೇಡಿ. ಒಂದು ಉರಿ ಇರಲಿ ಬಿಡಿ. ಅನ್ನ, ಬೇಳೆ, ಹಾಲು, ಚಹಾ, ಬಿಸಿನೀರು ಕರೆಂಟಿಗೆ ಹೋದರೂ ಸಿಲಿಂಡರ್ ಎರಡು ಪಟ್ಟು ದಿನ ಬರುತ್ತದೆ. ಮಳೆಗಾಲದಲ್ಲಿ ಅದೇ ಆಪದ್ಧನ.

ಪೈಪು ಬರುವ ಮೊದಲು

ಬರ್ಕ್‌ಲಿಯವರ ಮಾತು ನಮಗೆ ನೇರವಾಗಿ ತಾಗುವ ಜಾಗ ಒಂದಿದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತು. ದಾಭೋಲಿನಿಂದ ಬೆಂಗಳೂರಿಗೆ ಅದಕ್ಕೂ ಮೊದಲೇ ಬಂದಿತ್ತು. ದೇಶದ ಜಿಲ್ಲೆಗಳನ್ನು ಭಾಗ ಮಾಡಿ, ಮನೆಮನೆಗೆ ಪೈಪ್ ಹಾಕುವ ಹಕ್ಕನ್ನು ಕಂಪನಿಗಳಿಗೆ ಹಂಚುವುದು ಪಿಎನ್‌ಜಿಆರ್‌ಬಿ ಅನ್ನುವ ಕೇಂದ್ರ ಮಂಡಳಿ. ಸುತ್ತು ಸುತ್ತಾಗಿ ಹಂಚಿ ಈಗ ಹೆಚ್ಚುಕಡಿಮೆ ಇಡೀ ದೇಶ ಅದರೊಳಗೆ ಬಂದಿದೆ. ಹಕ್ಕು ಪಡೆದ ಕಂಪನಿ ಇಂತಿಷ್ಟು ಮನೆಗೆ ಸಂಪರ್ಕ ಕೊಡುತ್ತೇನೆ ಅಂತ ಬರೆದುಕೊಡಬೇಕು. ಇಲ್ಲಿ ನಿಜವಾಗಿಯೂ ಮೀಥೇನ್ ಪೈಪು, ನಿಜವಾಗಿಯೂ ಮೂವತ್ತು ನಲವತ್ತು ವರ್ಷದ ಹೂಡಿಕೆ. ಒಮ್ಮೆ ರಸ್ತೆ ಅಗೆದು ಹಾಕಿದ ಮೇಲೆ ಅದನ್ನು ಬಳಸಲೇಬೇಕು ಅನ್ನುವ ಒತ್ತಡ ಶುರುವಾಗುತ್ತದೆ.

ಮಹಾನಗರ ಪಾಲಿಕೆ ಇದನ್ನು ನಿಷೇಧ ಮಾಡಲಾರದು, ಹಕ್ಕು ಕೊಡುವುದು ಕೇಂದ್ರದ ಮಂಡಳಿ. ಬರ್ಕ್‌ಲಿ ಎಡವಿದ ಕಲ್ಲು ಇದೇ ಥರದ್ದು. ಆದರೆ ರಸ್ತೆ ಅಗೆಯಲು ಪಾಲಿಕೆಯ ಒಪ್ಪಿಗೆ ಬೇಕು, ಕಟ್ಟಡದ ನಕ್ಷೆಗೂ ಸ್ಥಳೀಯ ಒಪ್ಪಿಗೆಯೇ ಬೇಕು. ಹೊಸ ಅಪಾರ್ಟ್‌ಮೆಂಟಿನ ಪ್ರತಿ ಅಡುಗೆಮನೆಯಲ್ಲಿ 16 ಆಂಪಿಯರ್ ಪಾಯಿಂಟ್ ಮತ್ತು ಅದಕ್ಕೆ ತಕ್ಕ ವೈರ್ ಇರಲಿ, ಬಚ್ಚಲಿನೊಳಗೆ ಗ್ಯಾಸ್ ಗೀಸರಿಗೆ ಜಾಗ ಇರದಿರಲಿ ಅಂತ ನಕ್ಷೆ ಹಂತದಲ್ಲೇ ಕೇಳಿದರೆ ಬಿಲ್ಡರಿಗೆ ಆಗುವ ಖರ್ಚು ಅಲ್ಪ. ಗೋಡೆ ಕಟ್ಟಿದ ಮೇಲೆ ಒಡೆದು ಹಾಕುವುದೇ ದುಬಾರಿ.

ಹಳ್ಳಿಯವರಿಗೆ ಗ್ರಾಮಸಭೆ ಇದೆ, ಅದರ ಜೊತೆಗೆ ಮಕ್ಕಳ ಗ್ರಾಮಸಭೆಯೂ ಇದೆ. ಕರ್ನಾಟಕದ ಪಂಚಾಯಿತಿಗಳು ವರ್ಷಕ್ಕೊಮ್ಮೆ ಅದನ್ನು ನಡೆಸಬೇಕು. ಶಾಲೆಗೆ ಕಾಂಪೌಂಡ್ ಬೇಕು, ಬಸ್ ಬೇಕು ಅಂತ ಮಕ್ಕಳು ಅಲ್ಲಿ ಕೇಳುತ್ತಾರೆ. ನಮ್ಮೂರಿನ ಟೀಸಿ ಎಷ್ಟು ಕೆವಿಎ, ಎಷ್ಟು ಮನೆ ಅದರ ಮೇಲಿದೆ, ಬಿಸಿಯೂಟದ ಅಡುಗೆಮನೆಗೆ ಹೊಗೆ ಹೋಗಲು ದಾರಿ ಇದೆಯಾ ಅಂತಲೂ ಕೇಳಬಹುದು. ಪಂಚಾಯಿತಿಯ ನಡಾವಳಿಯಲ್ಲಿ ಒಮ್ಮೆ ಬರೆದದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ.

ದರದ ಗಂಟು ಬಿಚ್ಚುವ ಜಾಗ ಬೇರೆ. ವಿದ್ಯುತ್ ದರ ನಿಗದಿ ಮಾಡುವ ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಉದ್ದಿಮೆದಾರರು, ರೈತ ಸಂಘದವರು ಹೋಗುತ್ತಾರೆ. ಹಗಲು ಹೊತ್ತಿನ ಬಳಕೆಗೆ ಮನೆಗಳಿಗೂ ಕಡಿಮೆ ದರ ಕೊಡಿ, ಮಲೆನಾಡಿನ ಕಾಡುಲೈನಿಗೆ ಹೊದಿಕೆ ತಂತಿ ಹಾಕಿ ಅಂತ ಒಬ್ಬ ಕಾಲೇಜು ಹುಡುಗಿಯೂ ಅರ್ಜಿ ಹಾಕಬಹುದು. ಗೃಹಜ್ಯೋತಿಯ ಮಿತಿ ಬದಲಿಸುವುದು ಆಯೋಗದ ಕೈಯಲ್ಲಿಲ್ಲ, ಅದು ಸರ್ಕಾರದ ತೀರ್ಮಾನ. ಆ ಮನವಿ ಶಾಸಕರಿಗೆ ಹೋಗಬೇಕು. ಸಿಲಿಂಡರ್ ಬಿಟ್ಟು ಕರೆಂಟಿಗೆ ಬಂದ ಮನೆಗೆ ಸರಾಸರಿಯ ಲೆಕ್ಕವನ್ನು ಹೊಸದಾಗಿ ಹಾಕಿ ಅಂತ ಅದರಲ್ಲಿ ಒಂದೇ ಸಾಲು ಇದ್ದರೂ ಸಾಕು.